ನೆಲಮಾಳಿಗೆಯಲ್ಲಿ ಸಿಕ್ಕ ಗಡಿಯಾರ

ಸಂಜೆಯಾದೊಡನೆ ಹುಣಸೆ ಮರ ಎಲೆ ಮಡಚಿಕೊಳ್ಳುತ್ತದೆ ಎಂಬುದು ನಮ್ಮ ಹಳ್ಳಿಗರಿಗೆ ಹೊಸ ಸಂಗತಿಯೇನಲ್ಲ. ಅಲೆಕ್ಸಾಂಡರನ ಕಾಲದ ಆಂಡ್ರಾಸ್ಥೆನೀಸ್ ಎಂಬ ಗ್ರೀಕ್ ನಾವಿಕ ಇಂದಿನ ಬಹರೇನ್ ದ್ವೀಪದಲ್ಲಿ ಇದನ್ನು ಕಂಡು ಬೆರಗಾಗಿದ್ದ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೈರಾನ್ ಇಂಥದೇ ಸ್ವಭಾವದ ಗಿಡವೊಂದನ್ನು ಕತ್ತಲಲ್ಲಿ ಇರಿಸಿ ನೋಡಿದ. ಸೂರ್ಯನನ್ನು ಕಾಣದಿದ್ದರೂ ಗಿಡ ಹೊತ್ತಿಗೆ ಸರಿಯಾಗಿ ಎಲೆ ತೆರೆಯಿತು, ಮುಚ್ಚಿತು. ಅಂದರೆ ಹಗಲಿರುಳಿನ ಲೆಕ್ಕ ಗಿಡದ ಒಳಗೇ ಇತ್ತು. ಆದರೆ ಇದೇ ಪ್ರಶ್ನೆಯನ್ನು ಮನುಷ್ಯನ ವಿಷಯದಲ್ಲಿ ವ್ಯವಸ್ಥಿತವಾಗಿ ಕೇಳಲು ಇನ್ನೂ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾಗೆ ಕೇಳಿದವರಲ್ಲಿ ಪ್ರಮುಖ ಜರ್ಮನಿಯ ಯುರ್ಗೆನ್ ಆಶೋಫ್.

ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ಆಶೋಫ್ ಎಂದೊಡನೆ ನನ್ನ ವಿದ್ಯಾರ್ಥಿಗಳು ಹೃದಯವನ್ನು ನೆನೆಯುತ್ತಿದ್ದರು. ಅದು ತಂದೆ ಲುಡ್ವಿಗ್ ಆಶೋಫ್. ಸಂಧಿವಾತದ ಜ್ವರದಿಂದ ಹಾಳಾದ ಹೃದಯದಲ್ಲಿ ಕಾಣುವ ಗಂಟುಗಳಿಗೆ ಇಂದಿಗೂ ಅವರದೇ ಹೆಸರು. ಮಗ ಹುಟ್ಟಿದ್ದು 1913ರಲ್ಲಿ. ವೈದ್ಯಕೀಯ ಓದಿ, ದೇಹ ತನ್ನ ಶಾಖವನ್ನು ಕಾಯ್ದುಕೊಳ್ಳುವ ಬಗೆಯನ್ನು ಗಟಿಂಗೆನ್‌ನಲ್ಲಿ ಅಭ್ಯಸಿಸುತ್ತಿದ್ದಾಗ ಪ್ರಯೋಗಕ್ಕೆ ಒಡ್ಡಿಕೊಂಡದ್ದು ತಮ್ಮದೇ ದೇಹವನ್ನು. ಶಾಖ ಹೊರಹೋಗುವ ಪ್ರಮಾಣ ದಿನವಿಡೀ ಒಂದೇ ಸಮ ಇರದೆ, ಹೊತ್ತಿಗೆ ತಕ್ಕಂತೆ ಏರಿಳಿಯುತ್ತಿತ್ತು. ಇದನ್ನು ಅಳತೆಯ ದೋಷವೆಂದು ಬದಿಗಿಡುವುದು ಸುಲಭವಿತ್ತು. ಅವರು ಆ ಏರಿಳಿತದ ಹಿಂದೆಯೇ ಹೋದರು.

ಮೊದಲು ಪ್ರಾಣಿಗಳು. ಹಗಲು ರಾತ್ರಿಯ ಭೇದವನ್ನೇ ಕಾಣದೆ ಮೊಟ್ಟೆಯೊಡೆದು ಬೆಳೆದ ಕೋಳಿಮರಿಗಳಲ್ಲೂ ದೈನಿಕ ಲಯ ಮೂಡಿತು. ಕಲಿಕೆಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು ಎಂದು ಇದರಿಂದ ಹೇಳುವಂತಾಯಿತು. ಒಳಗಿನ ಗಡಿಯಾರವನ್ನು ಹೊರಗಿನ ದಿನಕ್ಕೆ ಹೊಂದಿಸುವ ಬೆಳಕಿನಂಥ ಸೂಚನೆಗೆ ಆಶೋಫ್ 1954ರಲ್ಲಿ 'ತ್ಸೈಟ್‌ಗೇಬರ್' ಎಂಬ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ 'ಕಾಲದಾತ' ಎನ್ನಬಹುದೇನೋ. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಆ ಜರ್ಮನ್ ಪದವೇ ಚಲಾವಣೆಯಲ್ಲಿದೆ.

ನಂತರ ಮನುಷ್ಯ. ಸಹೋದ್ಯೋಗಿ ರ‍್ಯೂಟ್ಗರ್ ವೇವರ್ ಜೊತೆಗೂಡಿ ಮೊದಲ ಪ್ರಯೋಗಗಳನ್ನು ನಡೆಸಿದ್ದು ಮ್ಯೂನಿಕ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ. 1964ರ ಹೊತ್ತಿಗೆ ಬವೇರಿಯಾದ ಆಂಡೆಕ್ಸ್ ಎಂಬಲ್ಲಿ, ಹಳೆಯ ಕ್ರೈಸ್ತ ಮಠವೊಂದರ ಸಮೀಪ, ಇದಕ್ಕೆಂದೇ ಬಂಕರ್ ಸಿದ್ಧವಾಯಿತು. ದಪ್ಪ ಗೋಡೆ, ಎರಡು ಪದರದ ಬಾಗಿಲು, ಒಳಗೆ ಹಾಸಿಗೆ, ಬಚ್ಚಲು, ಪುಟ್ಟ ಅಡುಗೆಮನೆ. ಗಡಿಯಾರವಿಲ್ಲ, ರೇಡಿಯೊ ಇಲ್ಲ, ಪತ್ರಿಕೆ ಇಲ್ಲ, ಕಿಟಕಿಯಂತೂ ಇಲ್ಲವೇ ಇಲ್ಲ. ಹಸಿವಾದಾಗ ಬೇಯಿಸಿ ಉಣ್ಣಬೇಕು, ನಿದ್ದೆ ಬಂದಾಗ ದೀಪ ಆರಿಸಿ ಮಲಗಬೇಕು. ದೇಹದ ತಾಪಮಾನ ನಿರಂತರವಾಗಿ ದಾಖಲಾಗುತ್ತಿತ್ತು. ಒಳಹೊಕ್ಕವರಲ್ಲಿ ಅನೇಕರು ವಿದ್ಯಾರ್ಥಿಗಳು. ಪರೀಕ್ಷೆಗೆ ಓದಿಕೊಳ್ಳಲು ಇದಕ್ಕಿಂತ ಪ್ರಶಸ್ತವಾದ ಜಾಗ ಇನ್ನೆಲ್ಲಿ ಸಿಕ್ಕೀತು? ಸಾಲದ್ದಕ್ಕೆ, ಆ ಮಠದ ಪ್ರಸಿದ್ಧ ಬಿಯರ್ ಬೇರೆ ಒದಗುತ್ತಿತ್ತು! ಸ್ವತಃ ಆಶೋಫ್ ಕೂಡ ಒಳಗಿದ್ದು ಬಂದರು. ಮೊದಲೆರಡು ದಿನ ಈಗ ಗಂಟೆ ಎಷ್ಟಿರಬಹುದೆಂಬ ಕುತೂಹಲ ಕಾಡಿತೆಂದೂ, ಆಮೇಲೆ ಆ ಚಿಂತೆಯೇ ಮರೆಯಾಯಿತೆಂದೂ ಅವರು ಬರೆದಿದ್ದಾರೆ.

1989ರವರೆಗೆ ನಾನೂರಕ್ಕೂ ಹೆಚ್ಚು ಮಂದಿ ಇಂಥ ಏಕಾಂತವಾಸ ಮಾಡಿದರು. ಅವರ ಎಚ್ಚರ, ನಿದ್ದೆ, ಮೈಶಾಖ, ಮೂತ್ರದ ಲವಣಗಳು ಎಲ್ಲವೂ ಲಯಬದ್ಧವಾಗಿ ಏರಿಳಿದವು. ಆದರೆ ಆ ಲಯ 24 ಗಂಟೆಗಳದ್ದಲ್ಲ, ಸರಾಸರಿ 25 ಗಂಟೆಗಳದ್ದು. ಪ್ರತಿದಿನ ಸುಮಾರು ಒಂದು ಗಂಟೆ ತಡವಾಗಿ ಮಲಗುತ್ತ ಹೋದವರು ಹೊರಬರುವಾಗ ಲೆಕ್ಕದಲ್ಲಿ ಒಂದು ದಿನ ಹಿಂದೆ ಬಿದ್ದಿರುತ್ತಿದ್ದರು. ಇದಕ್ಕಿಂತ ವಿಚಿತ್ರವಾದ ಸಂಗತಿಯೂ ಕೆಲವರಲ್ಲಿ ಕಂಡಿತು. ಅವರ ನಿದ್ದೆ–ಎಚ್ಚರಗಳ ಆವರ್ತ ಸುಮಾರು 33 ಗಂಟೆಗಳಿಗೆ ಹಿಗ್ಗಿದರೂ ಮೈಶಾಖ ಮಾತ್ರ ತನ್ನ 25 ಗಂಟೆಗಳನ್ನು ಬಿಡಲಿಲ್ಲ. ಒಂದೇ ದೇಹದೊಳಗೆ ಎರಡು ಕಾಲಮಾನ! ಇದು ರೋಗಕ್ಕೂ ಕಾರಣವಾಗಬಹುದೇ ಎಂಬ ಪ್ರಶ್ನೆ ಹುಟ್ಟಲು ಇನ್ನೇನು ಬೇಕು?

ಪ್ರಯೋಗದಲ್ಲಿ ಒಂದು ದೋಷವೂ ಇತ್ತು. ದೀಪ ಹಾಕುವ, ಆರಿಸುವ ಸ್ವಾತಂತ್ರ್ಯ ಒಳಗಿದ್ದವರದೇ ಆಗಿತ್ತು. ಮಲಗುವ ಮುನ್ನ ಉರಿಯುತ್ತಿದ್ದ ಆ ದೀಪವೇ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತಿತ್ತು. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ಮತ್ತು ಸಂಗಡಿಗರು ಮಂದ ಬೆಳಕಿನಲ್ಲಿ, ಬಿಗಿಯಾದ ನಿಯಮಗಳಡಿ ಅಳೆದಾಗ ಮನುಷ್ಯನ ದಿನ ಸರಾಸರಿ 24 ಗಂಟೆ 11 ನಿಮಿಷವೆಂದು ತಿಳಿಯಿತು. ಮನುಷ್ಯನಿಗೆ ಬೆಳಕಿಗಿಂತ ಸಾಮಾಜಿಕ ಸಂಪರ್ಕವೇ ಬಲವಾದ ಕಾಲದಾತ ಎಂಬ ಆಶೋಫರ ಅಂದಿನ ತೀರ್ಮಾನವೂ ನಿಲ್ಲಲಿಲ್ಲ. ಪ್ರಖರ ಬೆಳಕು ರಾತ್ರಿಯ ಹಾರ್ಮೋನಾದ ಮೆಲಟೋನಿನ್ನನ್ನು ತಡೆಯುತ್ತದೆಂದು 1980ರಲ್ಲಿ ಗೊತ್ತಾಯಿತು. ಆದರೂ ಆ ಬಂಕರಿನ ಮಹತ್ವ ಇದರಿಂದ ಕುಂದಿತೆಂದು ನನಗನ್ನಿಸುವುದಿಲ್ಲ. ಗಡಿಯಾರ ಒಳಗಿದೆ ಎಂಬ ಮೂಲ ಮಾತು ಅಲುಗಲಿಲ್ಲ. 1972ರಲ್ಲಿ ಅದರ ಕೇಂದ್ರ ಮಿದುಳಿನಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ತಾಣದ ಮೇಲ್ಭಾಗದಲ್ಲಿ ಪತ್ತೆಯಾಯಿತು. ಗಡಿಯಾರವನ್ನು ನಡೆಸುವ ವಂಶವಾಹಿಗಳ ಶೋಧಕ್ಕೆ 2017ರಲ್ಲಿ ನೊಬೆಲ್ ಬಂತು. ಆಶೋಫ್ 1998ರಲ್ಲೇ ತೀರಿಕೊಂಡಿದ್ದರು.

ಈ ವಿದ್ಯೆ ನಮ್ಮಲ್ಲಿಗೂ ಬಂದಿತ್ತೆಂಬುದನ್ನು ಹೇಳಲೇಬೇಕು. ಜರ್ಮನಿಯಲ್ಲಿ ಸಂಶೋಧನೆ ನಡೆಸಿ ಮರಳಿದ ಎಂ.ಕೆ. ಚಂದ್ರಶೇಖರನ್, ಮದುರೆ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಬಾವಲಿಗಳ ಗುಹೆ ಹೊಕ್ಕರು. ಕತ್ತಲ ಗುಹೆಯಲ್ಲಿ ಒಂಟಿಯಾಗಿ ಬಂಧಿಯಾದ ಬಾವಲಿ ತನ್ನದೇ ಕಾಲಮಾನದಲ್ಲಿ ಅಲೆಯುತ್ತಿತ್ತು. ಸ್ವತಂತ್ರವಾಗಿ ಹೊರಗೆ ಹಾರಿಹೋಗಿ ಬರುವ ಬಳಗ ಅದೇ ಗುಹೆಯಲ್ಲಿದ್ದರೆ ಸಾಕು, ಬಂಧಿಯೂ ಅವುಗಳ ವೇಳೆಗೆ ಹೊಂದಿಕೊಳ್ಳುತ್ತಿತ್ತು. ಮನುಷ್ಯರಲ್ಲಿ ಬಿದ್ದುಹೋದ ಸಾಮಾಜಿಕ ಸಂಪರ್ಕದ ವಾದ ಬಾವಲಿಗಳಲ್ಲಿ ನಿಂತಿತು. ಆಂಡೆಕ್ಸ್ ಮಾದರಿಯ ಏಕಾಂತದ ಕೋಣೆಯೂ ಮದುರೆಯಲ್ಲಿತ್ತು. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು.

ಅದೇ ಬೆಂಗಳೂರಿನಲ್ಲಿ ರಾತ್ರಿ ಹತ್ತರ ನಂತರ ರಸ್ತೆಗಿಳಿದು ನೋಡಿ. ಕಂಪನಿಗಳ ಕ್ಯಾಬುಗಳು, ಪೀಣ್ಯದ ಕಡೆ ಹೊರಟ ಕಾರ್ಮಿಕರು, ಆಸ್ಪತ್ರೆಯ ದಾದಿಯರು. ಬೆಳಗಿನ ಜಾವ ನಾಲ್ಕಕ್ಕೆ ಮೈಶಾಖ ತಳಮಟ್ಟ ಮುಟ್ಟಿದಾಗ ಇವರು ಎಚ್ಚರವಿರಬೇಕು. ಬೆಳಿಗ್ಗೆ ಮನೆಗೆ ಮರಳುವ ದಾರಿಯ ಬಿಸಿಲು ಗಡಿಯಾರವನ್ನು ಪುನಃ ಹಗಲಿಗೇ ಎಳೆದು ಕಟ್ಟುತ್ತದೆ. ಹೀಗಾಗಿ ವರ್ಷಗಟ್ಟಲೆ ದುಡಿದರೂ ದೇಹ ರಾತ್ರಿ ಪಾಳಿಗೆ ಪೂರ್ತಿ ಒಗ್ಗುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ದೇಹದ ಲಯ ಕೆಡಿಸುವ ಪಾಳಿ ದುಡಿಮೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತು. 2019ರ ಮರುಪರಿಶೀಲನೆಯಲ್ಲೂ ರಾತ್ರಿ ಪಾಳಿ ಅಲ್ಲಿಯೇ ಉಳಿಯಿತು. ದೀರ್ಘಕಾಲ ರಾತ್ರಿ ದುಡಿದು ಸ್ತನ ಕ್ಯಾನ್ಸರ್‌ಗೆ ತುತ್ತಾದ ಸುಮಾರು 40 ಮಹಿಳೆಯರಿಗೆ ಡೆನ್ಮಾರ್ಕ್ ಪರಿಹಾರ ನೀಡಿದ ಸುದ್ದಿ 2009ರಲ್ಲಿ ಬಂದಿತ್ತು. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ಮಹಿಳೆಯರ ರಾತ್ರಿ ಪಾಳಿಗೂ ದಿನಕ್ಕೆ 12 ಗಂಟೆಗಳ ದುಡಿಮೆಗೂ ದಾರಿ ಮಾಡಿದಾಗ, ನಾನು ಓದಿದ ಚರ್ಚೆಗಳೆಲ್ಲ ಸುರಕ್ಷತೆ, ವಾಹನ, ಕೂಲಿಗಳ ಸುತ್ತಲೇ ಇದ್ದವು. ಅವು ಅಗತ್ಯವಾದ ಚರ್ಚೆಗಳೇ. ಆದರೆ ಶರೀರವಿಜ್ಞಾನದ ಸುಳಿವೂ ಅವುಗಳಲ್ಲಿ ಇರಲಿಲ್ಲ.

ರಾತ್ರಿ ದುಡಿಮೆಯೇ ಬೇಡವೆನ್ನುವುದು ಅಪ್ರಾಯೋಗಿಕ. ಪಾಳಿಗಳ ಕ್ರಮವನ್ನಾದರೂ ದೇಹಕ್ಕೆ ಒಪ್ಪುವಂತೆ ಇಡಬಹುದಲ್ಲ? ನಮ್ಮ ಒಳಗಿನ ದಿನ 24 ಗಂಟೆಗಳಿಗಿಂತ ತುಸು ಉದ್ದ. ಹಾಗಾಗಿ ತಡವಾಗಿ ಮಲಗುವುದು ಸಲೀಸು, ಬೇಗ ಮಲಗುವುದು ತ್ರಾಸ. ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಪಾಳಿ ಮುಂದುಮುಂದಕ್ಕೆ ಸರಿಯಬೇಕು. ವಾರವಾರವೂ ಬದಲಾಗದೆ ನಿಧಾನವಾಗಿ ಸರಿಯಬೇಕು. ಅಮೆರಿಕದ ಯೂಟಾ ರಾಜ್ಯದ ಲವಣ ಕಾರ್ಖಾನೆಯೊಂದರಲ್ಲಿ ಹೀಗೆ ಬದಲಿಸಿದಾಗ ಕಾರ್ಮಿಕರ ನೆಮ್ಮದಿಯೂ ಉತ್ಪಾದನೆಯೂ ಹೆಚ್ಚಿದ್ದನ್ನು ಸೈಸ್ಲರ್ ತಂಡ 1982ರಲ್ಲೇ ವರದಿ ಮಾಡಿತ್ತು. ನಮ್ಮ ಪಕ್ಕದ ಮನೆಯ ಹುಡುಗಿ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾದಿ. ಅವಳ ಮೊಬೈಲಿನಲ್ಲಿದ್ದ ಪಾಳಿಪಟ್ಟಿಯನ್ನು ಕೇಳಿ ಪಡೆದು ನೋಡಿದೆ. ಒಂದು ವಾರ ರಾತ್ರಿ, ಮರುವಾರ ಮಧ್ಯಾಹ್ನ, ಅದರ ಮರುವಾರ ಬೆಳಿಗ್ಗೆ ಎಂದಿತ್ತು.