ನವಜಾತ ಶಿಶುವಿನ ಪ್ರಯಾಣವೂ ಚಿಕಿತ್ಸೆಯ ಪಾದಗಳೂ

ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿರೂಪಿತವಾಗಿದೆ. ರೋಗಿಯಲ್ಲಿರತಕ್ಕ ಗುಣಗಳಲ್ಲಿ ಜ್ಞಾಪಕತ್ವವೆಂಬುದೊಂದು. ಎಂದರೆ, ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಯಹೇಳುವ ಶಕ್ತಿ. ಆಗತಾನೆ ಹುಟ್ಟಿದ ಶಿಶುವಿನಲ್ಲಿ ಈ ಗುಣವು ಇರಲಾರದು. ಅಂಥ ಶಿಶುವು ಪ್ರಾಣಾಪಾಯದಲ್ಲಿದ್ದು, ಅದನ್ನು ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಒಯ್ಯಬೇಕಾಗಿ ಬಂದಾಗ, ನಾಲ್ಕನೆಯ ಪಾದದ ಈ ನ್ಯೂನತೆಯನ್ನು ಉಳಿದವರೇ ತುಂಬಬೇಕಾಗುತ್ತದೆ. ಕಳುಹಿಸುವ ಆಸ್ಪತ್ರೆ, ಆಂಬ್ಯುಲೆನ್ಸಿನ ಪರಿಚಾರಕರು, ಸ್ವೀಕರಿಸುವ ಆಸ್ಪತ್ರೆ ಈ ಮೂವರೂ ಒಂದೇ ಮನಸ್ಸಿನಿಂದ ವರ್ತಿಸಬೇಕೆಂಬುದಕ್ಕೆ ಮೂಲಕಾರಣವಿದು.

ಶಿಶುವಿಗೆ ತಾಯಿಯ ಗರ್ಭಕ್ಕಿಂತ ಉತ್ತಮವಾದ ವಾಹನವಿಲ್ಲ. ಆದುದರಿಂದ ಅಪಾಯವು ಮೊದಲೇ ತೋರಿಬಂದಲ್ಲಿ, ಪ್ರಸವಕ್ಕೆ ಮುಂಚಿತವಾಗಿಯೇ ಗರ್ಭಿಣಿಯನ್ನು ತಕ್ಕ ಆಸ್ಪತ್ರೆಗೆ ಸೇರಿಸುವುದೇ ಮುಖ್ಯಕಲ್ಪವು; ಹುಟ್ಟಿದ ಶಿಶುವನ್ನು ಸಾಗಿಸುವುದು ಅನುಕಲ್ಪವು.

ಈ ಅನುಕಲ್ಪದಲ್ಲಿ ಮೊದಲನೆಯ ಶತ್ರುವೆಂದರೆ ಶೈತ್ಯ. ಶಿಶುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರವು ಹೆಚ್ಚು, ಚರ್ಮದ ಕೆಳಗಣ ಕೊಬ್ಬು ಅಲ್ಪ. ಮೈ ತಣ್ಣಗಾದೊಡನೆ ದೇಹವು ಶಾಖವನ್ನು ಹುಟ್ಟಿಸಲು ಹೆಣಗಿ, ಆಮ್ಲಜನಕವನ್ನೂ ರಕ್ತದೊಳಗಣ ಸಕ್ಕರೆಯನ್ನೂ ವೆಚ್ಚಮಾಡುತ್ತದೆ. ಅದರಿಂದ ಉಸಿರಾಟವು ಇನ್ನಷ್ಟು ಕುಗ್ಗುತ್ತದೆ. ಹೀಗೆ ಒಂದು ದೋಷವು ಮತ್ತೊಂದನ್ನು ಬೆಳೆಸುತ್ತದೆ. ಪ್ಯಾರಿಸ್ ನಗರದ ಟಾರ್ನಿಯೇ ಎಂಬ ವೈದ್ಯನು 1880ರ ಸುಮಾರಿಗೆ, ಶಿಶುವನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರನ್ನು ಪ್ರಸೂತಿಗೃಹದಲ್ಲಿ ಬಳಕೆಗೆ ತಂದನು. ಅದೇ ನಗರದ ಬ್ಯುದ್ಯಾಂ ಎಂಬವನು, ಮೈ ತಣ್ಣಗಾಗಿ ಬಂದ ಶಿಶುಗಳಲ್ಲಿ ಬಹುಭಾಗವು ಉಳಿಯಲಿಲ್ಲವೆಂಬುದನ್ನು ಲೆಕ್ಕಹಾಕಿ ತೋರಿಸಿದನು. ಅಮೆರಿಕದ ಶಿಕಾಗೋ ನಗರದಲ್ಲಿ ಜೋಸೆಫ್ ಡಿಲೀ ಎಂಬ ವೈದ್ಯನು 1900ರ ಸುಮಾರಿಗೆ ಕೈಯಲ್ಲಿ ಹೊತ್ತೊಯ್ಯಬಹುದಾದ ಇನ್‌ಕ್ಯುಬೇಟರನ್ನು ಉಪಯೋಗಿಸಿದನು. ಶಿಶುವಿನ ಉಷ್ಣತೆಯು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರತಕ್ಕದ್ದು. ಯಂತ್ರವು ದೊರೆಯದೆಡೆಯಲ್ಲಿ, ಸ್ಥಿತಿಯು ಅನುಕೂಲವಾಗಿದ್ದರೆ, ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿಕೊಂಡು ಹೋಗಬಹುದು. ಈ ಕ್ರಮವು 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಆರಂಭವಾಗಿ ಲೋಕವ್ಯಾಪಿಯಾಯಿತು.

ಕರ್ನಾಟಕದಲ್ಲಿ 108 ಸಂಖ್ಯೆಯ ಆಂಬ್ಯುಲೆನ್ಸ್ ವ್ಯವಸ್ಥೆಯು 2008ರಲ್ಲಿ ಮೊದಲಾಯಿತು. ಆದರೆ ವಾಹನವು ಒದಗಿದ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ಬೇಗ ಹೊರಡುವುದೇ ಶ್ರೇಯಸ್ಕರವೆಂಬ ಭಾವನೆಯು ಸಹಜವಾದರೂ ಪೂರ್ಣಸತ್ಯವಲ್ಲ. ಓಡುವ ಬಂಡಿಯಲ್ಲಿ ಶ್ವಾಸನಾಳಕ್ಕೆ ನಳಿಕೆಯನ್ನು ಸೇರಿಸುವುದೂ, ಕೂದಲಿನಂತಹ ರಕ್ತನಾಳದೊಳಕ್ಕೆ ಸೂಜಿಯನ್ನು ಚುಚ್ಚುವುದೂ ಅತಿಕಷ್ಟ. ಆದಕಾರಣ ಉಸಿರಾಟದ ಮಾರ್ಗ, ರಕ್ತದ ಒತ್ತಡ, ಸಕ್ಕರೆ, ಉಷ್ಣತೆ ಇವುಗಳನ್ನು ಹೊರಡುವ ಮೊದಲೇ ಸರಿಪಡಿಸಿ, ನಳಿಕೆಗಳನ್ನು ಭದ್ರವಾಗಿ ಅಂಟಿಸಬೇಕು. ಆಮ್ಲಜನಕವು ದಾರಿಯ ಕಾಲಕ್ಕಿಂತ ಅಧಿಕಕಾಲಕ್ಕೆ ಸಾಲುವಂತಿರಬೇಕು. ಬಂಡಿಯ ಒಳಭಾಗವನ್ನು ಮುಂಚೆಯೇ ಬೆಚ್ಚಗೆ ಮಾಡಿರಬೇಕು.

ಹಾಗೆಂದು ಕಾಲವನ್ನು ಲಕ್ಷ್ಯಮಾಡದಿರಲೂ ಆಗದು. ಜನನಕಾಲದಲ್ಲಿ ಆಮ್ಲಜನಕವು ಸಾಲದೆ ಮಿದುಳಿಗೆ ಪೆಟ್ಟಾದ, ತಿಂಗಳು ತುಂಬಿ ಹುಟ್ಟಿದ ಶಿಶುವಿಗೆ, ಮೈಯನ್ನು 33ರಿಂದ 34 ಡಿಗ್ರಿಗೆ ಇಳಿಸಿ 72 ಗಂಟೆ ಹಾಗೆಯೇ ಇಡುವ ಚಿಕಿತ್ಸೆಯುಂಟು. ಅದು ಜನನದಿಂದ 6 ಗಂಟೆಗಳೊಳಗೆ ಆರಂಭವಾಗತಕ್ಕದ್ದು. ಇಲ್ಲಿ ತಣ್ಣಗಿಡುವುದೇ ಚಿಕಿತ್ಸೆಯಾದರೂ, ಅದು ತಜ್ಞರ ಅಪ್ಪಣೆಯಿಂದ, ಅಳತೆ ತಪ್ಪದೆ ನಡೆಯಬೇಕು. ಯಾವ ಶಿಶುವಿಗೆ ಯಾವ ವಿಧಿಯೆಂಬ ನಿರ್ಣಯಕ್ಕಾಗಿಯೇ, ಬಂಡಿಯು ಹೊರಡುವ ಮೊದಲು ಎರಡು ಆಸ್ಪತ್ರೆಗಳ ವೈದ್ಯರು ದೂರವಾಣಿಯಲ್ಲಿ ಸಮಾಲೋಚಿಸಬೇಕಾದುದು ಆವಶ್ಯಕ.

ಮಾತಿನ ಜೊತೆಗೆ ಬರಹವೂ ಬೇಕು. ಜನನದ ವೇಳೆ, ತೂಕ, ಗರ್ಭದ ವಾರಗಳು, ತಾಯಿಯ ಕಾಯಿಲೆ, ಕೊಟ್ಟ ಔಷಧ, ಅದರ ಪ್ರಮಾಣ ಮತ್ತು ಕಾಲ ಇವನ್ನೊಳಗೊಂಡ ಪತ್ರವು ಶಿಶುವಿನೊಡನೆ ಹೋಗತಕ್ಕದ್ದು. ಔಷಧವನ್ನು ಕೊಟ್ಟುದು ತಿಳಿಯದಿದ್ದರೆ, ಅದೇ ಔಷಧವು ಎರಡನೆಯ ಬಾರಿ ಬಿದ್ದು ಅನರ್ಥವಾದೀತು. ಹೊರಡುವ ಮುನ್ನ ತಾಯಿಗೆ ಮಗುವನ್ನು ತೋರಿಸಿ, ಎಲ್ಲಿಗೆ, ಏತಕ್ಕೆ ಒಯ್ಯುವರೆಂಬುದನ್ನು ತಿಳಿಸುವುದೂ ಈ ಕರ್ತವ್ಯದ ಅಂಗವೇ.

ತಲಪಿದೊಡನೆ ಒಬ್ಬರು ವೃತ್ತಾಂತವನ್ನು ಹೇಳಬೇಕು, ಉಳಿದವರು ಕೇಳಬೇಕು. ಆಗ ಅಳೆದ ಶಿಶುವಿನ ಉಷ್ಣತೆಯು, ಬ್ಯುದ್ಯಾಂನ ಕಾಲದಲ್ಲಿದ್ದಂತೆಯೇ ಇಂದಿಗೂ, ದಾರಿಯಲ್ಲಿ ನಡೆದ ಉಪಚಾರಕ್ಕೆ ಸಾಕ್ಷಿಯಾಗಿರುತ್ತದೆ. ಆ ಅಂಕಿಯನ್ನು ಕಳುಹಿಸಿದ ಆಸ್ಪತ್ರೆಗೂ ಮರಳಿ ತಿಳಿಸಿದಲ್ಲಿ, ಮುಂದೆ ಹೊರಡುವ ಶಿಶುವಿನ ದಾರಿಯು ಇನ್ನಷ್ಟು ಕ್ಷೇಮಕರವಾಗುವುದು.