‘ಬೋರ್ಡ್ ಹೋಗಿದೆ’ ಅಂದರೆ ಯಾವ ಬೋರ್ಡು?

ಟಿ.ವಿ.ಯ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಚಿತ್ರ ಮಾತ್ರ ಮೂಡುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ‘ಬೂಟ್’ ಎಂದು ತೋರಿಸಿ ಅಲ್ಲೇ ಕೂರುತ್ತದೆ. ರಿಪೇರಿಗೆ ಒಯ್ದರೆ ‘ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ಬೋರ್ಡು ಎಂದು ಕೇಳುವವರು ಕಡಿಮೆ. ಎಷ್ಟೋ ಸಲ ಮುಖ್ಯ ಬೋರ್ಡಿಗೆ ಏನೂ ಆಗಿರುವುದಿಲ್ಲ. ಸೋತಿರುವುದು ಅದಕ್ಕೆ ಅನ್ನ ಹಾಕುವ ಪವರ್ ಸಪ್ಲೈ.

ಹಳೆಯ ರೇಡಿಯೊಗಳಲ್ಲಿ ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಈಗಿನದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ನಾಲ್ಕು ಡಯೋಡುಗಳು ಡಿಸಿಯಾಗಿಸುತ್ತವೆ. ಒಂದು ದಪ್ಪ ಕೆಪಾಸಿಟರ್ ಅದನ್ನು ಸುಮಾರು 325 ವೋಲ್ಟ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಐಸಿ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಆಚೆ ಕಡೆ 12 ಅಥವಾ 5 ವೋಲ್ಟ್ ಸಿಗುತ್ತದೆ. ಅದರ ಏರಿಳಿತವನ್ನು ನಯಗೊಳಿಸುವ ಸಣ್ಣ ಕೆಪಾಸಿಟರುಗಳೇ ಮೊದಲು ಸಾಯುವುದು.

ಸಾವಿಗೆ ಕಾರಣ ಬಿಸಿ. ಈ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ, ನಡುವೆ ದ್ರವದಲ್ಲಿ ನೆನೆದ ಕಾಗದ. ದ್ರವ ಆರುತ್ತ ಹೋದಂತೆ ಒಳಗಿನ ತಡೆ ಏರುತ್ತದೆ. ಅನಿಲ ತುಂಬಿದರೆ ತಲೆ ಉಬ್ಬುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 10 ಡಿಗ್ರಿ ತಗ್ಗಿದಾಗಲೆಲ್ಲ ಸುಮಾರು ಎರಡರಷ್ಟು ಬಾಳುತ್ತದೆ ಎಂಬುದು ಈ ಕಸುಬಿನ ಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ, ಹಗಲಿರುಳು ಉರಿದರೆ ನಾಲ್ಕು ವರ್ಷಕ್ಕೂ ಕಡಿಮೆ. ರಿಮೋಟ್ ಒತ್ತಿ ‘ಆಫ್’ ಮಾಡಿದ ಪೆಟ್ಟಿಗೆಯ ಪವರ್ ಸಪ್ಲೈ ನಿಜವಾಗಿ ಮಲಗುವುದೇ ಇಲ್ಲ. ಸಾಲದ್ದಕ್ಕೆ ಅದನ್ನು ಗಾಳಿಯಾಡದ ಶೋಕೇಸಿನಲ್ಲಿಟ್ಟು, ಮೇಲೊಂದು ಕ್ರೋಶಾ ಹೊದಿಕೆಯನ್ನೂ ಹೊದಿಸುತ್ತೇವೆ!

ಅಡಾಪ್ಟರ್ ಹೊರಗಿದ್ದರೆ ಪತ್ತೆ ಸುಲಭ: ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಪಿನ್ನಿನ ಪ್ಲಸ್–ಮೈನಸ್ ಅದೇ ಇರುವ ಇನ್ನೊಂದನ್ನು ಹಾಕಿ ನೋಡುವುದು. ಮೀಟರ್ ಹಿಡಿದು ‘12 ತೋರಿಸ್ತಿದೆ, ಸರಿ ಇದೆ’ ಎಂದರೆ ನಂಬುವಂತಿಲ್ಲ. ಭಾರವಿಲ್ಲದಾಗ 12 ತೋರಿಸುವ ಅಡಾಪ್ಟರ್ ಪೆಟ್ಟಿಗೆಗೆ ಜೋಡಿಸಿದೊಡನೆ ಕುಸಿಯಬಹುದು. ಉಬ್ಬಿದ 1000 ಎಂಎಫ್‌ಡಿ, 16 ವೋಲ್ಟ್ ಕೆಪಾಸಿಟರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿ. ಎಂಎಫ್‌ಡಿ ಅದೇ ಇರಲಿ, ವೋಲ್ಟ್ ಹೆಚ್ಚಿದ್ದರೂ ನಡೆಯುತ್ತದೆ, 105 ಡಿಗ್ರಿಯದೇ ಬೇಕು. ಪಟ್ಟೆಯಿರುವ ಕಡೆ ಮೈನಸ್. ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ.

ಆದರೆ ಸೋಲ್ಡರಿಂಗ್ ಐರನ್ ಹಿಡಿದವರೆಲ್ಲ ಇದಕ್ಕೆ ಕೈಹಾಕಬಾರದೆಂದೇ ನನ್ನ ಅಭಿಪ್ರಾಯ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು, ಕೆಟ್ಟ ಬೋರ್ಡಿನಲ್ಲಂತೂ ಇನ್ನೂ ಹೆಚ್ಚು ಹೊತ್ತು. ಬಲ್ಲ ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದಿಲ್ಲ, ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ ಮೀಟರಿನಲ್ಲಿ ನೋಡುತ್ತಾನೆ. ರಿಪೇರಿಯಾದ ಮೇಲೆ ನೇರ ಕರೆಂಟ್ ಕೊಡದೆ ಸೀರೀಸ್ ಬಲ್ಬಿನ ಮೂಲಕ ಕೊಡುತ್ತಾನೆ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿದರೆ ಒಳಗೆ ಶಾರ್ಟ್. ಇದಕ್ಕೆ ತಂತಿಯ ಹಳೇ ಬಲ್ಬೇ ಬೇಕು, ಎಲ್‌ಇಡಿ ಕೆಲಸಕ್ಕೆ ಬಾರದು.

ಹಿಂಬದಿಯ ಲೋಹ ಮುಟ್ಟಿದರೆ ಜುಮ್ಮೆನ್ನುವುದನ್ನು ಹಲವರು ಕಂಡಿರುತ್ತೀರಿ. ಎರಡು ಪಿನ್ನಿನ ಉಪಕರಣಗಳಲ್ಲಿ ಟ್ರಾನ್ಸ್‌ಫಾರ್ಮರಿನ ಎರಡೂ ಬದಿಯನ್ನು ಬೆಸೆಯುವ, ಸಾಮಾನ್ಯವಾಗಿ ನೀಲಿ ಬಣ್ಣದ ಬಿಲ್ಲೆಯಂಥ ಕೆಪಾಸಿಟರ್ ಮೂಲಕ ಸೋರುವ ಅತ್ಯಲ್ಪ ಕರೆಂಟ್ ಅದು. ಆ ಕೆಪಾಸಿಟರನ್ನು ಬದಲಿಸುವುದಾದರೆ ‘ವೈ’ ದರ್ಜೆಯದೇ ಆಗಬೇಕು. ಅಲ್ಲಿ ಮಾಮೂಲಿ ಕೆಪಾಸಿಟರ್ ಶಾರ್ಟ್ ಆದರೆ 230 ವೋಲ್ಟ್ ನೇರ ಮೈಗೇ.

ಫ್ಯೂಸ್ ಸುಟ್ಟಿದ್ದರೆ ತಂತಿಯ ಎಳೆ ಸುತ್ತುವ ಚಾಳಿಯೊಂದಿದೆ. ಫ್ಯೂಸ್ ತಾನಾಗಿ ಹೋಗುವುದು ಅಪರೂಪ, ಅದರಾಚೆ ಏನೋ ಶಾರ್ಟ್ ಆಗಿರುತ್ತದೆ. ನ್ಯೂಟ್ರಲ್ ಕಡಿದಾಗ ಮನೆಗೆ 400 ವೋಲ್ಟ್ ಹತ್ತಿರ ನುಗ್ಗಬಹುದು. ಆಗ ಫ್ಯೂಸಿನ ಪಕ್ಕದ ವೇರಿಸ್ಟರ್ ತಾನು ಸುಟ್ಟು ಮಿಕ್ಕದ್ದನ್ನು ಉಳಿಸಿರುತ್ತದೆ. ಮಲೆನಾಡಿನ ಮೊದಲ ಮಳೆಯ ಸಿಡಿಲಿಗೆ ಅದೂ ಸಾಲದು. ಪ್ಲಗ್ ಜೊತೆ ಡಿಶ್ ಕೇಬಲನ್ನೂ ಕಳಚಬೇಕು. ಸಿಡಿಲು ಬಡಿದು ಫ್ಯೂಸು, ಡಯೋಡು, ಐಸಿ ಎಲ್ಲ ಒಟ್ಟಿಗೆ ಹೋಗಿದ್ದರೆ ಒಂದೊಂದೇ ಹುಡುಕುತ್ತ ಕೂರುವುದು ದಂಡ. ಅದೇ ವೋಲ್ಟಿನ ಸಿದ್ಧ ಸಪ್ಲೈ ಬೋರ್ಡ್ ತಂದು ಜೋಡಿಸಿ, ಮುಖ್ಯ ಬೋರ್ಡ್ ಉಳಿದಿದೆಯೇ ನೋಡುವುದೇ ಅಗ್ಗ.