ಲಿವರ್‌ನಲ್ಲಿ ಕೂತು ಇನ್ಸುಲಿನ್ ತಯಾರಿಸೋ ಕೋಶಗಳು

ಟೈಪ್ 1 ಡಯಾಬಿಟಿಸ್ ಸಿಹಿ ತಿಂದು ಬರೋ ಕಾಯಿಲೆ ಅಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶಗಳನ್ನ ಕೊಂದುಹಾಕುತ್ತೆ. ಆಮೇಲೆ ದಿನವೂ ಇಂಜೆಕ್ಷನ್.

ಆ ಕೋಶಗಳನ್ನೇ ಲ್ಯಾಬ್‌ನಲ್ಲಿ ಬೆಳೆಸಿ ಕೊಟ್ಟರೆ? ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಈ ಪ್ರಶ್ನೆಯ ಬೆನ್ನು ಹತ್ತಿದ್ರು. ಅವರ ಇಬ್ಬರು ಮಕ್ಕಳಿಗೂ ಇದೇ ಕಾಯಿಲೆ. 2014ರಲ್ಲಿ ಅವರ ತಂಡ ಸ್ಟೆಮ್ ಸೆಲ್‌ಗಳಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳಿಂದ, ಬೀಟಾ ಕೋಶಗಳನ್ನ ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿತು.

ವರ್ಟೆಕ್ಸ್ ಕಂಪನಿಯ ಪ್ರಯೋಗದಲ್ಲಿ ಇಂಥ ಕೋಶಗಳನ್ನ ಲಿವರ್‌ಗೆ ಹೋಗೋ ರಕ್ತನಾಳಕ್ಕೆ ಬಿಡ್ತಾರೆ. ಹೌದು, ಲಿವರ್‌ಗೇ! ಅಲ್ಲೇ ಕೂತು, ರಕ್ತದ ಸಕ್ಕರೆ ನೋಡಿಕೊಂಡು ಇನ್ಸುಲಿನ್ ಬಿಡುತ್ತವೆ. 2025ರಲ್ಲಿ ಬಂದ ಫಲಿತಾಂಶ ನೋಡಿ: ಪೂರ್ಣ ಡೋಸ್ ಪಡೆದ 12 ಜನರಲ್ಲಿ 10 ಜನಕ್ಕೆ, ವರ್ಷದ ಹೊತ್ತಿಗೆ ಹೊರಗಿನ ಇನ್ಸುಲಿನ್ ಬೇಕಿರಲಿಲ್ಲ.

ಆದರೆ ದೇಹ ಈ ಹೊಸ ಕೋಶಗಳ ಮೇಲೂ ದಾಳಿ ಮಾಡುತ್ತೆ. ತಡೆಯೋಕೆ ಇಮ್ಯುನಿಟಿ ತಗ್ಗಿಸೋ ಔಷಧಿ ಬೇಕು. ಸೋಂಕಿನ ಭಯ ಜೊತೆಗೇ ಬರುತ್ತೆ. ಇನ್ಸುಲಿನ್‌ನಲ್ಲೇ ಆರಾಮಾಗಿರೋ ಮಗುವಿಗೆ ಈ ವ್ಯಾಪಾರ ಸದ್ಯಕ್ಕೆ ಲಾಭದ್ದಲ್ಲ ಅನ್ನೋದು ನನ್ನ ಲೆಕ್ಕ.

‘ಸ್ಟೆಮ್ ಸೆಲ್‌ನಿಂದ ಶುಗರ್ ಮಾಯ’ ಅನ್ನೋ ಜಾಹೀರಾತು ಕಂಡ್ರಾ? ಐಸಿಎಂಆರ್ ಮಾರ್ಗಸೂಚಿ ಪ್ರಕಾರ, ಡಯಾಬಿಟಿಸ್‌ಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಅದಕ್ಕೆ ರೋಗಿಯ ಹತ್ತಿರ ದುಡ್ಡು ಕೇಳೋ ಹಾಗಿಲ್ಲ.